ಯಾಕ್ ಉಣ್ಣೆ: ಕೊಳ್ಳುವ ಮುನ್ನ, ಒಗೆಯುವ ಮುನ್ನ

ಮನಾಲಿಗೋ ಲೇಹ್‌ಗೋ ಪ್ರವಾಸ ಹೋದವರು ಶಾಲು ತಾರದೆ ಬರುವುದುಂಟೇ? ‘ಪ್ಯೂರ್ ಯಾಕ್ ವುಲ್ ಮೇಡಂ, ಮುಟ್ಟಿ ನೋಡಿ’ ಅಂತ ಅಂಗಡಿಯವನು ಹೆಗಲ ಮೇಲೆ ಹೊದಿಸಿಯೇ ಬಿಡುತ್ತಾನೆ. ಬೆಣ್ಣೆಯಂತೆ ನುಣುಪು, ಬೆಲೆ ನಾನೂರೋ ಐನೂರೋ. ಅತ್ತೆಗೊಂದು, ಓರಗಿತ್ತಿಗೊಂದು ಅಂತ ನಾಲ್ಕು ಕಟ್ಟಿಸಿಕೊಳ್ಳುತ್ತೇವೆ. ಸ್ವಲ್ಪ ತಾಳಿ! ಯಾಕ್ ಉಣ್ಣೆ ನಿಜಕ್ಕೂ ಒಳ್ಳೆಯದೇ. ಆದರೆ ಆ ಬೆಲೆಗೆ ಸಿಗುವುದು ಹೆಚ್ಚಾಗಿ ಅಕ್ರಿಲಿಕ್.

ನಮ್ಮ ಚಮರೀಮೃಗ

ಯಾಕ್ ನಮಗೆ ತೀರಾ ಅಪರಿಚಿತವೇನಲ್ಲ. ಅದೇ ಚಮರೀಮೃಗ. ದೇವರಿಗೆ ಬೀಸುವ ಚಾಮರ ಅದರ ಬಾಲದ ಕೂದಲಿನದು. ಜಡೆಗೆ ಸೇರಿಸಿ ಹೆಣೆಯುವ ಚೌರಿಗೂ ಹೆಸರು ಬಂದದ್ದು ಅಲ್ಲಿಂದಲೇ. ನಮ್ಮ ದೇಶದಲ್ಲಿ ಲಡಾಖ್, ಹಿಮಾಚಲ, ಸಿಕ್ಕಿಂ, ಅರುಣಾಚಲದ ಎತ್ತರದ ಬೆಟ್ಟಗಳಲ್ಲಿ ಇದನ್ನು ಸಾಕುತ್ತಾರೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 77 ಸಾವಿರ ಇದ್ದವು; 2019ರಲ್ಲಿ ಸುಮಾರು 58 ಸಾವಿರಕ್ಕೆ ಇಳಿದವು. ಹೀಗಿರುವಾಗ ಅಂಗಡಿ ಅಂಗಡಿಯಲ್ಲೂ ರಾಶಿ ರಾಶಿ ಅಪ್ಪಟ ಯಾಕ್ ಶಾಲು ಎಲ್ಲಿಂದ ಬರಬೇಕು, ನೀವೇ ಹೇಳಿ.

ಹೊರಗಿನದು ಒರಟು, ಒಳಗಿನದು ಮೃದು

ಯಾಕ್‌ನ ಮೈಮೇಲೆ ಹೊರಗೆ ಉದ್ದನೆಯ ಒರಟು ಕೂದಲು. ಲಡಾಖಿನ ಚಾಂಗ್ಪಾ ಜನರ ಕಪ್ಪು ಡೇರೆಗಳು, ಹಗ್ಗಗಳು ಅದರಿಂದಲೇ ಆಗುತ್ತವೆ. ಅದರಡಿ ಚಳಿಗಾಲಕ್ಕೆ ಬೆಳೆಯುವ ಮೆತ್ತನೆಯ ಉಣ್ಣೆ 16ರಿಂದ 20 ಮೈಕ್ರಾನ್ ದಪ್ಪ, ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ಕಾಲು ಭಾಗ. ಬೇಸಿಗೆ ಶುರುವಾದಾಗ ಉದುರುವ ಇದನ್ನು ಬಾಚಿ ತೆಗೆಯುತ್ತಾರೆ. ಶಾಲು, ಸ್ವೆಟರ್, ಟೋಪಿ, ಕಾಲುಚೀಲಕ್ಕೆ ಬೇಕಾಗುವುದು ಇದೇ. ಹಗುರ, ಆದರೆ ಬಲು ಬೆಚ್ಚಗೆ. ಬೆವರು ಹೀರುತ್ತದೆ. ಜಿಡ್ಡು ಕಡಿಮೆಯಾದ್ದರಿಂದ ವಾಸನೆಯೂ ಕಡಿಮೆ.

ಬೆಂಗಳೂರಿನ ಡಿಸೆಂಬರ್ ಚಳಿಗೆ ಒಂದು ತೆಳು ಶಾಲು ಸಾಕು. ದಪ್ಪ ಸ್ವೆಟರ್ ಬೀರುವಿನಲ್ಲೇ ಕೂರುತ್ತದೆ. ಹಿಮಾಲಯ ಯಾತ್ರೆಗೆ ಹೊರಟ ಅತ್ತೆ-ಮಾವನಿಗೋ, ಚಳಿದೇಶದಲ್ಲಿ ಓದುವ ಮಗನಿಗೋ ಆದರೆ ದುಡ್ಡು ದಂಡವಲ್ಲ.

ಕೊಳ್ಳುವಾಗ ಗಮನಿಸಿ

* ಲೇಬಲ್‌ನಲ್ಲಿ ಯಾಕ್ ಉಣ್ಣೆ ಶೇಕಡಾ ಎಷ್ಟು ಎಂದು ಓದಿ. ಕುರಿ ಉಣ್ಣೆ ಬೆರೆಸಿರುವುದು ತಪ್ಪಲ್ಲ, ಹೇಳದಿರುವುದು ತಪ್ಪು.
* ಯಾಕ್ ಉಣ್ಣೆಯ ಸಹಜ ಬಣ್ಣ ಕಂದು, ಕಪ್ಪು. ಬಿಳಿ ಅಪರೂಪ. ಗುಲಾಬಿ, ಗಿಳಿಹಸಿರು ಬರಬೇಕಾದರೆ ಮೊದಲು ಅದರ ಬಣ್ಣ ತೆಗೆಯಬೇಕು. ಅಗ್ಗದ ಶಾಲು ಥಳಥಳ ಹೊಳೆಯುತ್ತಿದ್ದರೆ ಅನುಮಾನಿಸಿ.
* ಅಂಗೈಯಲ್ಲಿ ಮುಟ್ಟಿದರೆ ಸಾಲದು, ಕತ್ತಿಗೆ ಒತ್ತಿ ನೋಡಿ. ಒರಟು ಕೂದಲು ಸೇರಿದ್ದರೆ ಚುಚ್ಚುತ್ತದೆ.
* ಕುಚ್ಚಿನಿಂದ ಒಂದೆಳೆ ಕಿತ್ತು, ಸಿಂಕಿನ ಮೇಲೆ ಚಿಮಟದಲ್ಲಿ ಹಿಡಿದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಕುರಿ ಉಣ್ಣೆಯೋ ಯಾಕ್ ಉಣ್ಣೆಯೋ ಎಂಬುದು ಈ ಪರೀಕ್ಷೆಯಿಂದ ತಿಳಿಯದು.

ಒಗೆತ, ಜೋಪಾನ

* ಪ್ರತಿಸಲ ಉಟ್ಟ ಮೇಲೆ ಒಗೆಯಬೇಕಿಲ್ಲ. ನೆರಳಲ್ಲಿ ಗಾಳಿಗೆ ಹರವಿದರೆ ಸಾಕು.
* ಒಗೆಯುವಾಗ ತಣ್ಣೀರು ಇಲ್ಲವೇ ಉಗುರುಬೆಚ್ಚಗಿನ ನೀರು, ಉಣ್ಣೆ ಬಟ್ಟೆಗೆಂದೇ ಸಿಗುವ ದ್ರಾವಣ. ಮಾಮೂಲಿ ಸೋಪಿನ ಪುಡಿ, ಬ್ಲೀಚ್ ಬೇಡ. ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಶಾಲು ಕುಗ್ಗುತ್ತದೆ. ಕುಗ್ಗಿದ್ದು ಮತ್ತೆ ಮೊದಲಿನಂತಾಗದು.
* ಹಿಂಡಬೇಡಿ. ಟವೆಲ್‌ನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆಯಿರಿ. ಹಗ್ಗಕ್ಕೆ ನೇತುಹಾಕದೆ ನೆರಳಲ್ಲಿ ಚಪ್ಪಟೆಯಾಗಿ ಹರವಿ.
* ಮೇಲೇಳುವ ಚಿಕ್ಕ ಉಂಡೆಗಳನ್ನು ಎಳೆಯಬೇಡಿ, ಕತ್ತರಿಯಲ್ಲಿ ಮೆಲ್ಲಗೆ ಕತ್ತರಿಸಿ.
* ಒಗೆದು, ಪೂರ್ತಿ ಒಣಗಿಸಿಯೇ ಎತ್ತಿಡಿ. ಹುಳಗಳಿಗೆ ಬೆವರು, ಊಟದ ಕಲೆಯೆಂದರೆ ಹಬ್ಬ! ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ನುಸಿಗುಳಿಗೆಯನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಡಿಸಿ ಗಾಳಿಯಾಡಿಸಿ.

ಕೊನೆಯದಾಗಿ, ಮನೆಯಲ್ಲಿರುವ ‘ಯಾಕ್ ಶಾಲು’ ಅಕ್ರಿಲಿಕ್ ಎಂದು ಗೊತ್ತಾದರೆ ಬೇಸರ ಬೇಡ. ಪ್ರಯಾಣಕ್ಕೆ, ಟಿ.ವಿ. ನೋಡುವಾಗ ಹೊದೆಯಲು ಧಾರಾಳ ಸಾಕು. ಆದರೆ ಬೆಳಗಿನ ಚಳಿಗೆಂದು ಅದನ್ನು ಹೊದ್ದು ಗ್ಯಾಸ್ ಒಲೆಯ ಮುಂದೆ ಮಾತ್ರ ನಿಲ್ಲಬೇಡಿ. ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ. ಅಕ್ರಿಲಿಕ್ ಹತ್ತಿ ಉರಿದು, ಕರಗಿ ಮೈಗೆ ಅಂಟುತ್ತದೆ. ಎಷ್ಟು ದುಡ್ಡು ಕೊಟ್ಟಿರೆಂಬ ಲೆಕ್ಕಕ್ಕಿಂತ ಇದನ್ನು ತಿಳಿದಿರುವುದು ಮುಖ್ಯ.