ಸೀಸವಿಲ್ಲದ ಸೌರಕೋಶ

1839ರಲ್ಲಿ ರಷ್ಯದ ಯೂರಲ್ ಪರ್ವತಗಳಲ್ಲಿ ದೊರೆತ ಒಂದು ಖನಿಜವನ್ನು ಜರ್ಮನಿಯ ಗುಸ್ಟಾವ್ ರೋಸ್ ಎಂಬ ವಿಜ್ಞಾನಿಯು ಪರೀಕ್ಷಿಸಿ, ಅದಕ್ಕೆ ಪೆರೊವ್‌ಸ್ಕೈಟ್ ಎಂದು ಹೆಸರಿಟ್ಟನು. ಅದೇ ಬಗೆಯ ಪರಮಾಣು ಜೋಡಣೆಯುಳ್ಳ ಸ್ಫಟಿಕಗಳೆಲ್ಲಕ್ಕೂ ಈಗ ಆ ಹೆಸರು ಸಲ್ಲುತ್ತದೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ಮತ್ತು ಅವರ ಸಂಗಡಿಗರು ಈ ಜಾತಿಯ ವಸ್ತುವಿನಿಂದ ಸೌರಕೋಶವನ್ನು ರಚಿಸಿದರು. ಅದರ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಶೇಕಡ 3.8 ಭಾಗ ಮಾತ್ರ ವಿದ್ಯುತ್ತಾಯಿತು. ಇಂದು ಪ್ರಯೋಗಶಾಲೆಗಳಲ್ಲಿ ಈ ಪ್ರಮಾಣ ಶೇಕಡ 26ನ್ನು ಮೀರಿದೆ. ಸಿಲಿಕಾನ್ ತಯಾರಿಕೆಗೆ ಬೇಕಾಗುವ ಉಗ್ರ ತಾಪವು ಇಲ್ಲಿ ಬೇಡ; ದ್ರಾವಣವನ್ನು ಗಾಜಿನ ಮೇಲೆ ತೆಳುವಾಗಿ ಹರಡಿ ಹದವಾಗಿ ಕಾಯಿಸಿದರೆ ಸಾಕು.

ಆದರೆ ಈ ಉತ್ತಮ ಕೋಶಗಳಲ್ಲಿ ಸೀಸವುಂಟು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುವ ವಿಷವೆಂಬುದನ್ನು ನಾವು ಬಲ್ಲೆವು. ಒಂದು ಚದರ ಮೀಟರು ಹಾಳೆಯಲ್ಲಿರುವ ಸೀಸ ಒಂದು ಗ್ರಾಮಿಗಿಂತಲೂ ಕಡಮೆ, ನಿಜ. ಆದರೂ ಹಾಳೆ ಒಡೆದು ಮಳೆ ಬಿದ್ದರೆ, ಅದರ ಲವಣವು ನೀರಿನಲ್ಲಿ ಕರಗಿ ಮಣ್ಣನ್ನು ಸೇರಬಲ್ಲದು. ಹಾಗಾದರೆ ಸೀಸದ ಬದಲು ಬೇರೊಂದು ಲೋಹವನ್ನು ಏಕೆ ಬಳಸಬಾರದು?

ಇದಕ್ಕೆ ಉತ್ತರವು ಪರಮಾಣುವಿನಲ್ಲಿಯೇ ಅಡಗಿದೆ. ಸೀಸದ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳಿರುವುವು. ಈ ಸ್ಫಟಿಕದಲ್ಲಿ ಅದು ಎರಡನ್ನು ಬಿಟ್ಟುಕೊಟ್ಟು, ಉಳಿದೆರಡನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಸ್ಫಟಿಕವು ಬೆಳಕನ್ನು ಚೆನ್ನಾಗಿ ಹೀರುವುದಕ್ಕೂ, ರಚನೆಯಲ್ಲಿ ಸಣ್ಣಪುಟ್ಟ ದೋಷಗಳಿದ್ದರೂ ಕೆಲಸಮಾಡುವುದಕ್ಕೂ ಈ ಜೋಡಿಯು ನೆರವಾಗುತ್ತದೆ.

ಆವರ್ತಕೋಷ್ಟಕದಲ್ಲಿ ಸೀಸದ ಮೇಲಿನ ಮನೆ ತವರದ್ದು. 2014ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ತವರದ ಕೋಶಗಳನ್ನು ರಚಿಸಿ, ಸುಮಾರು ಶೇಕಡ 6ರ ದಕ್ಷತೆಯನ್ನು ಪಡೆದರು. ಆದರೆ ತವರಕ್ಕೆ ಆ ಎರಡು ಎಲೆಕ್ಟ್ರಾನುಗಳ ಮೇಲೆ ಅಷ್ಟು ಬಿಗಿಯಾದ ಹಿಡಿತವಿಲ್ಲ. ಗಾಳಿಯ ಆಮ್ಲಜನಕವು ಅವನ್ನು ಸುಲಭವಾಗಿ ಸೆಳೆದುಕೊಳ್ಳುವುದರಿಂದ ಸ್ಫಟಿಕವು ಕೆಡುತ್ತದೆ. ಗಾಳಿ ಸೋಕದಂತೆ ತಯಾರಿಸಿ, ತವರದ ಫ್ಲೋರೈಡನ್ನು ಬೆರಸಿ, ಇನ್ನೂ ಹಲವು ಉಪಾಯಗಳನ್ನು ಹೂಡಿ ಈಗ ಶೇಕಡ 15ರ ಸುತ್ತಮುತ್ತಲಿಗೆ ಬಂದಿದ್ದಾರೆ.

ಸೀಸದ ಬಲ ಮಗ್ಗುಲಿನ ಮನೆ ಬಿಸ್ಮತ್ತಿನದು. ಇದು ಮೂರು ಎಲೆಕ್ಟ್ರಾನುಗಳನ್ನು ಬಿಡುತ್ತದೆ; ಆದುದರಿಂದ ಲೆಕ್ಕ ಸರಿಹೋಗಲು, ಒಂದನ್ನು ಮಾತ್ರ ಬಿಡುವ ಬೆಳ್ಳಿಯನ್ನು ಜೊತೆಗೂಡಿಸಬೇಕು. ಹೀಗೆ ಎರಡು ಸೀಸದ ಸ್ಥಾನದಲ್ಲಿ ಒಂದು ಬೆಳ್ಳಿ, ಒಂದು ಬಿಸ್ಮತ್ ಕುಳಿತ ಸ್ಫಟಿಕವು ಗಾಳಿಯಲ್ಲಿ ಬಾಳುತ್ತದೆ. ಆದರೆ ಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರದೆ ಬಿಡುವುದರಿಂದ ಸೌರಕೋಶವಾಗಿ ಅದು ದುರ್ಬಲ. ಎಕ್ಸ್-ಕಿರಣಗಳನ್ನು ಗುರುತಿಸುವ ಉಪಕರಣಗಳಿಗೆ ಮಾತ್ರ ಅದು ಚೆನ್ನಾಗಿ ಒಪ್ಪುತ್ತದೆಂದು ಪ್ರಯೋಗಗಳು ತೋರಿಸಿವೆ.

ತವರಕ್ಕೆ ಶಕ್ತಿಯುಂಟು, ಬಾಳಿಕೆ ಸಾಲದು. ಬಿಸ್ಮತ್ತಿಗೆ ಬಾಳಿಕೆಯುಂಟು, ಶಕ್ತಿ ಸಾಲದು. ಇವೆರಡನ್ನೂ ಒಂದೇ ಸ್ಫಟಿಕದಲ್ಲಿ ಕೂಡಿಸುವವರೆಗೆ ಸೀಸವನ್ನು ಬಳಸುವವರು ಅದು ಹೊರಗೆ ಸೋರದಂತೆ ಮುಚ್ಚಿಡಬೇಕು, ಹಳೆಯ ಹಾಳೆಗಳನ್ನು ಮರಳಿ ಸಂಗ್ರಹಿಸಬೇಕು. ಬಿಸಿಲಿನಿಂದ ಪಡೆದ ಬೆಳಕಿಗೆ ನಾವು ಮಕ್ಕಳ ಆರೋಗ್ಯವನ್ನು ಬೆಲೆಯಾಗಿ ತೆರಲಾಗದಷ್ಟೆ.