ಸ್ಪ್ಯಾನರ್ ಕೊಳ್ಳುವ ಮುನ್ನ

ಸ್ವಯಂ ಉದ್ಯೋಗ ಕುರಿತ ನಮ್ಮ ಚರ್ಚೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ಬರೆದವರು ಹಾಸನ ಜಿಲ್ಲೆಯ ತರುಣರು. ಐಟಿಐ ಮುಗಿಸಿ ಬೈಕ್ ರಿಪೇರಿ ಅಂಗಡಿ ತೆರೆಯಲಿದ್ದಾರೆ. ಸಲಕರಣೆಗಳಿಗೆಂದು ಸಾಲದಲ್ಲಿ ಎತ್ತಿಟ್ಟಿರುವುದು ಹತ್ತು ಸಾವಿರ ರೂಪಾಯಿ. 'ಸರ್, ದುಬಾರಿ ಸ್ಪ್ಯಾನರ್ ನಾಲ್ಕೇ ಕೊಳ್ಳಲೋ, ಅಗ್ಗದ ಪೂರ್ತಿ ಪೆಟ್ಟಿಗೆ ಕೊಳ್ಳಲೋ?' ಎಂಬುದು ಅವರ ಪ್ರಶ್ನೆ.

ಉತ್ತರಕ್ಕೆ ಮೊದಲು ಒಂದು ಲೆಕ್ಕ ನೋಡಿ. 10 ನಂಬರ್ ಸ್ಪ್ಯಾನರ್ ಕೂರುವ ಬೋಲ್ಟಿನ ದಪ್ಪ ಸಾಮಾನ್ಯವಾಗಿ 6 ಮಿ.ಮೀ. ಅದನ್ನು ಬಿಗಿಯಲು ಸುಮಾರು 10 ನ್ಯೂಟನ್ ಮೀಟರ್ ತಿರುಚುಬಲ ಬೇಕು. ಕೈಹಿಡಿತ 12 ಸೆಂ.ಮೀ. ದೂರದಲ್ಲಿದ್ದರೆ ಎಂಟೂವರೆ ಕಿಲೋ ತೂಕದಷ್ಟು ಒತ್ತಿದರೆ ಸಾಕು. ಕೈಗೆ ಇದು ಏನೂ ಅಲ್ಲ. ಆದರೆ ಬಾಯಿ ತೆರೆದ ಸ್ಪ್ಯಾನರು ಬೋಲ್ಟಿನ ತಲೆಯನ್ನು ನೂಕುವುದು ಎದುರುಬದುರಿನ ಎರಡು ಮೂಲೆಗಳಲ್ಲಿ ಮಾತ್ರ. ಒಂದೊಂದು ಮೂಲೆಯ ಮೇಲೂ ಒಂದೂಮುಕ್ಕಾಲು ಕ್ವಿಂಟಲಿನಷ್ಟು ಭಾರ ಬೀಳುತ್ತದೆ! ರಿಂಗ್ ಸ್ಪ್ಯಾನರು ಅದನ್ನೇ ಆರೂ ಮೂಲೆಗಳಿಗೆ ಹಂಚುವುದರಿಂದ ಪ್ರತಿ ಮೂಲೆಗೆ ಬರುವುದು ಅರವತ್ತು ಕಿಲೋ ಆಸುಪಾಸು.

ಈ ಭಾರಕ್ಕೆ ಕಳಪೆ ಸ್ಪ್ಯಾನರಿನ ಬಾಯಿ ಅಗಲವಾಗುತ್ತದೆ, ಬೋಲ್ಟಿನ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಕಾಲೇಜಿನ ದಿನಗಳಲ್ಲಿ ತಂದೆಯವರ ಸ್ಕೂಟರಿನ ಆಯಿಲ್ ಬೋಲ್ಟನ್ನು ನಾನು ಹಾಗೆಯೇ ಕೆಡಿಸಿದೆ. ಜಾತ್ರೆಯಲ್ಲಿ ಕೊಂಡ ಸೆಟ್ಟು ಅದು. ಕೊನೆಗೆ ಮೆಕ್ಯಾನಿಕ್ ಆ ತಲೆಗೆ ಬೇರೊಂದು ನಟ್ ವೆಲ್ಡ್ ಮಾಡಿ ಬಿಚ್ಚಬೇಕಾಯಿತು. ಅಂದು ನನಗೆ ಬೈಗುಳ ಸಿಕ್ಕಿತು, ಅಷ್ಟೇ. ಹೊಸ ಅಂಗಡಿಯವರು ಗಿರಾಕಿಯ ಬೈಕಿನಲ್ಲಿ ಹೀಗೆ ಮಾಡಿದರೆ ಊರಿಗೆಲ್ಲ ಸುದ್ದಿಯಾಗುತ್ತದೆ.

ಹೊಳಪು ನೋಡಿ ಮೋಸಹೋಗಬೇಡಿ. ಮೇಲಿನ ಕ್ರೋಮಿಯಂ ಲೇಪನ ಇರುವುದು ತುಕ್ಕು ತಡೆಯಲು. ಶಕ್ತಿ ಬರುವುದು ಒಳಗಿನ ಕ್ರೋಮ್ ವನೇಡಿಯಂ ಉಕ್ಕಿನಿಂದ, ಅದಕ್ಕೆ ಕೊಟ್ಟ ಹದದಿಂದ. ಕುಡುಗೋಲಿಗೆ ಹದ ಕೊಡುವ ಕಮ್ಮಾರರಿಗೆ ಈ ಮಾತು ಹೇಳಿಕೊಡಬೇಕಿಲ್ಲ. ಹದ ಮೀರಿದರೆ ಮುರಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ.

ಹಾಗಾದರೆ ವಿದೇಶದ ದುಬಾರಿ ಮಾಲೇ ಗತಿಯೇ? ಅಲ್ಲ. 1920ರಲ್ಲಿ ಶುರುವಾದ ಅಮೆರಿಕದ ಸ್ನ್ಯಾಪ್-ಆನ್ ಕಂಪನಿಯ ವ್ಯಾನುಗಳು ಅಲ್ಲಿನ ಗ್ಯಾರೇಜುಗಳ ಬಾಗಿಲಿಗೇ ಬರುತ್ತವೆ, ಮುರಿದದ್ದನ್ನು ಬದಲಿಸಿಕೊಡುತ್ತವೆ. ಬೆಲೆಯಲ್ಲಿ ಆ ಸೇವೆಯ ಪಾಲೂ ಸೇರಿದೆ. ವ್ಯಾನು ನಿಮ್ಮ ಊರಿಗೆ ಬಾರದಿದ್ದರೆ ಆ ಪಾಲನ್ನು ನೀವೇಕೆ ತೆರಬೇಕು? ಜಲಂಧರ್, ಲೂಧಿಯಾನ, ನಾಸಿಕ್‌ಗಳಲ್ಲಿ ತಯಾರಾಗುವ ಹೆಸರಾಂತ ದೇಶೀ ಸ್ಪ್ಯಾನರುಗಳು ದಿನದ ಕೆಲಸಕ್ಕೆ ಸಾಕು. (ಸರ್ಕಾರಿ ವಾಹಿನಿಯವನಾದ ನಾನು ಇಂಥದೇ ಕಂಪನಿ ಎಂದು ಹೇಳುವಂತಿಲ್ಲ, ಮನ್ನಿಸಿ.) ನಕಲಿ ಮಾಲೂ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಅಚ್ಚೊತ್ತಿದ ಹೆಸರು, ಅಳತೆ ಸ್ಪಷ್ಟವಾಗಿರಲಿ. ಹೊಸ ಬೋಲ್ಟೊಂದನ್ನು ಜೇಬಿನಲ್ಲಿ ಒಯ್ದು, ಕೂರಿಸಿ, ಅಲ್ಲಾಡಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಮೊದಲು ಹಣ ಹಾಕಬೇಕಾದ್ದು 8, 10, 12, 14ರ ರಿಂಗ್ ಸ್ಪ್ಯಾನರಿಗೆ, ಆರು ಮೂಲೆಯ ಬಾಕ್ಸುಗಳಿಗೆ, ಒಂದು ಒಳ್ಳೆಯ ರ್‍ಯಾಚೆಟ್ಟಿಗೆ. ಸ್ಟಾರ್ ಸ್ಕ್ರೂ ಡ್ರೈವರಿನಲ್ಲೂ ಜುಗ್ಗತನ ಬೇಡ. ಜಪಾನೀ ವಿನ್ಯಾಸದ ಬೈಕುಗಳ ಸ್ಟಾರ್ ಸ್ಕ್ರೂ ಬೇರೆ ಮಾದರಿಯದು. ಮಾಮೂಲಿ ಫಿಲಿಪ್ಸ್ ತುದಿ ಅದರಿಂದ ಜಾರಿ ಗಾಡಿಯನ್ನು ತಿಂದುಹಾಕುತ್ತದೆ. ಸುತ್ತಿಗೆ, ಚಿಮಟ, ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಸ್ಪ್ಯಾನರುಗಳು ಅಗ್ಗದವೇ ಆಗಲಿ. ಬೇಗ ಸವೆದದ್ದನ್ನು ಮುಂದೆ ಬದಲಿಸಿಕೊಳ್ಳಬಹುದು. ಆದರೆ ಮಾಮೂಲಿ ಹೊಳಪಿನ ಬಾಕ್ಸನ್ನು ಗಾಳಿಯ ಗನ್ನಿಗೆ ಸಿಕ್ಕಿಸಬೇಡಿ. ಅದು ಒಡೆದು ಚೂರು ಕಣ್ಣಿಗೆ ಹಾರೀತು. ಅದಕ್ಕೆಂದೇ ಕಪ್ಪು ಬಣ್ಣದ ಇಂಪ್ಯಾಕ್ಟ್ ಬಾಕ್ಸುಗಳಿವೆ.

ಮುಂದೆ ವಿದ್ಯುತ್ ಕಾರುಗಳಿಗೂ ಕೈಹಾಕುವ ಆಸೆ ಇದ್ದರೆ, ಅವುಗಳ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುತ್ತದೆ. ಆ ಕೆಲಸದ ತರಬೇತಿ ಪಡೆದು, 1000 ವೋಲ್ಟ್ ಗುರುತೂ ಐಇಸಿ 60900 ಸಂಖ್ಯೆಯೂ ಇರುವ ಅಸಲಿ ಸಲಕರಣೆಯನ್ನೇ ಕೊಳ್ಳಿ. ಹಿಡಿಗೆ ಪ್ಲಾಸ್ಟಿಕ್ ಹಾಕಿದ ಮಾತ್ರಕ್ಕೆ ಅದು ವಿದ್ಯುತ್ತನ್ನು ತಡೆಯುತ್ತದೆಂದು ನಂಬಬೇಡಿ.