ಮನೆಯ ಹಳೆಯ ವಸ್ತು ಮತ್ತು ಊಹೆಯ ಪರೀಕ್ಷೆ

ಇತಿಹಾಸವೆಂದರೆ ರಾಜರ ಹೆಸರು ಮತ್ತು ಯುದ್ಧದ ಇಸವಿಗಳ ಪಟ್ಟಿ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ ದೇವರ ಜಗುಲಿಯ ಮೇಲಿನ ಹಿತ್ತಾಳೆ ತಂಬಿಗೆ, ಟ್ರಂಕಿನ ತಳದ ಕಾಗದ, ಅಜ್ಜಿಯ ಕೊರಳ ಸರ ಇವೂ ಇತಿಹಾಸದ ಸಾಕ್ಷಿಗಳೇ. ಸಾಕ್ಷಿಯನ್ನು ಪ್ರಶ್ನಿಸುವ ಕ್ರಮ ನಮಗೆ ತಿಳಿದಿರಬೇಕು, ಅಷ್ಟೆ. ಮನೆಯ ಒಂದು ಹಳೆಯ ವಸ್ತುವನ್ನು ಆರಿಸಿ, ಅದರ ಬಗ್ಗೆ ಒಂದು ಊಹೆ ಕಟ್ಟಿ ಪರೀಕ್ಷಿಸಿರೆಂದು ಈ ವರ್ಷ ನಮ್ಮ ಇತಿಹಾಸದ ಅಧ್ಯಾಪಕರು ತರಗತಿಗೆಲ್ಲ ಹೇಳಿದರು. ಆ ಕ್ರಮವನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

ಘೋಡಗೇರಿಯ ನಮ್ಮ ಮನೆಯಲ್ಲಿ ಕೊಂಡಿ ಬೆಸೆದ ಒಂದು ಬೆಳ್ಳಿ ರೂಪಾಯಿ ಇದೆ. ಕಿತ್ತೂರ ರಾಣಿ ಚೆನ್ನಮ್ಮನು ನಮ್ಮ ಹಿರಿಯರೊಬ್ಬರಿಗೆ ಮೆಚ್ಚಿ ಕೊಟ್ಟದ್ದೆಂದು ಅಜ್ಜಿ ಹೇಳುತ್ತಾಳೆ. ಈ ಮಾತನ್ನು ಪರೀಕ್ಷಿಸುವ ಮುನ್ನ, "ಇದು ತಪ್ಪಾಗಿದ್ದರೆ ಏನು ಕಂಡೀತು?" ಎಂದು ಗೊತ್ತುಮಾಡಿಕೊಳ್ಳಬೇಕು. ಕಿತ್ತೂರಿನ ಕಾಳಗ ನಡೆದದ್ದು 1824ರಲ್ಲಿ. ರಾಣಿ ತೀರಿಕೊಂಡದ್ದು 1829ರಲ್ಲಿ. ನಾಣ್ಯ ಅದಕ್ಕಿಂತ ಈಚಿನದಾದರೆ ಊಹೆ ನಿಲ್ಲದು. ಕಂಪನಿಯ ರೂಪಾಯಿಯ ಮೇಲೆ ಇಂಗ್ಲೆಂಡಿನ ಅರಸನ ಮುಖ ಬಂದದ್ದೇ 1835ರಲ್ಲಿ. ನಮ್ಮ ನಾಣ್ಯದ ಇಸವಿ ಸವೆದಿದೆ. ಆದರೆ ರಾಣಿಯ ಮುಖದ ಸುತ್ತ "ವಿಕ್ಟೋರಿಯಾ ಎಂಪ್ರೆಸ್" ಎಂಬ ಇಂಗ್ಲಿಷ್ ಅಕ್ಷರಗಳು ಉಳಿದಿವೆ. 1876ರವರೆಗೆ "ಕ್ವೀನ್" ಎಂದಿದ್ದ ಬರಹ 1877ರಿಂದ "ಎಂಪ್ರೆಸ್" ಆಯಿತು. ಊಹೆ ಬಿದ್ದುಹೋಯಿತು.

ಹಾಗಾದರೆ ನಾಣ್ಯ 1877ರಲ್ಲಿ ಮನೆಗೆ ಬಂತೆನ್ನಬಹುದೇ? ಅದೂ ಸಲ್ಲದು. ಅಚ್ಚಾದ ಕಾಲ ಬೇರೆ, ಮನೆಗೆ ಬಂದ ಕಾಲ ಬೇರೆ, ಕೊಂಡಿ ಬೆಸೆದ ಕಾಲ ಬೇರೆ. ನಮ್ಮ ಹಿರಿಯರಿಗೂ ಕಿತ್ತೂರಿಗೂ ಸಂಬಂಧವೇ ಇರಲಿಲ್ಲವೆಂದು ಸಹ ಇದರಿಂದ ಸಿದ್ಧವಾಗದು. ಅದು ಇನ್ನೊಂದು ಊಹೆ. ಅದಕ್ಕೆ ಇನ್ನೊಂದು ಸಾಕ್ಷಿ ಬೇಕು. ಟ್ರಂಕಿನಲ್ಲಿ ಮೋಡಿ ಲಿಪಿಯ ಎರಡು ಕಾಗದಗಳಿವೆ. ಅವನ್ನು ಓದಬಲ್ಲವರಿಗೆ ತೋರಿಸುವುದು ಮುಂದಿನ ಕೆಲಸ.

ಈ ಫಲಿತಾಂಶ ಕೇಳಿ ಕಾಕಾ, "ಹಂಗಾದ್ರ ಪತ್ತಾರಗ ಕೊಟ್ಟು ನಿನ್ನ ತಂಗಿ ಮದುವಿಗೆ ಕಾಲುಂಗರ ಮಾಡಸೋಣು" ಎಂದರು. ಅಜ್ಜಿ ಕೊಂಚ ಹೊತ್ತು ಸುಮ್ಮನಿದ್ದು, "ರಾಣಿ ಕೊಟ್ಟಿಲ್ಲಂದ್ರ ಮತ್ತ್ಯಾರರೆ ಕೊಟ್ಟಿರಬೇಕಲ್ಲ, ಅದನ್ನ ಹುಡುಕು" ಎಂದಳು. ತರ್ಕಶಾಸ್ತ್ರ ಓದದ ಆಕೆಯ ಮಾತೇ ಸರಿಯಾದ ಶಾಸ್ತ್ರ. ಒಂದು ಊಹೆ ಬಿದ್ದಾಗ ಸಾಕ್ಷಿಯನ್ನು ಕರಗಿಸಬಾರದು. ಇನ್ನೊಂದು ಊಹೆ ಕಟ್ಟಬೇಕು. ಆ ಸರವನ್ನು ತನ್ನ ಅತ್ತೆಯ ಕೊರಳಲ್ಲಿ ಕಂಡುದಾಗಿ ಆಕೆಗೆ ನೆನಪಿದೆ. ಅತ್ತೆಯ ತವರಿನಿಂದ ಬಂದಿರಬಹುದೇ ಎಂಬುದು ಈಗಿನ ನನ್ನ ಊಹೆ.

ಮಿತ್ರರೇ, ನಿಮ್ಮ ಮನೆಯ ವಸ್ತುಗಳ ಕಥೆಯನ್ನು ಹಿರಿಯರಿಂದ ಕೇಳಿ, ಹೇಳಿದವರು ಯಾರು, ಅವರು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಬೇರೆಬೇರೆಯಾಗಿ ಬರೆದಿಡಿ. ನಾಣ್ಯ ಇನ್ನೂ ನೂರು ವರ್ಷ ಉಳಿದೀತು, ಹೇಳುವವರು ಉಳಿಯರು.